ಜಿಎಸ್‌ಟಿಗೆ ಲೆಕ್ಕ ಕೊಟ್ಟ ಮೇಲೂ ಸಮೀಕ್ಷೆಯ ನೋಟಿಸ್ ಏಕೆ ಬರುತ್ತದೆ?

ಸೇವಾ ವಲಯದ ಕಂಪನಿಗಳಿಗಾಗಿಯೇ ಹೊಸದೊಂದು ವಾರ್ಷಿಕ ಸಮೀಕ್ಷೆಯನ್ನು 2026ರ ಜನವರಿಯಿಂದ ಆರಂಭಿಸುವುದಾಗಿ ಕೇಂದ್ರ ಸಾಂಖ್ಯಿಕ ಸಚಿವಾಲಯ ಪ್ರಕಟಿಸಿತ್ತು. ಅದೇ ಹೊತ್ತಿಗೆ, 2022-23ನ್ನು ಆಧಾರ ವರ್ಷವಾಗಿಸಿಕೊಂಡ ಹೊಸ ಜಿಡಿಪಿ ಸರಣಿಯಲ್ಲಿ ಜಿಎಸ್‌ಟಿ ದತ್ತಾಂಶವನ್ನು ಹಿಂದಿಗಿಂತ ಹೆಚ್ಚಾಗಿ ಬಳಸುವುದಾಗಿಯೂ ಹೇಳಿತು. ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದ ಉದ್ಯಮಿಗೆ ಗೊಂದಲವಾಗುವುದು ಸಹಜ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸಿದ್ದೇವೆ, ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಬ್ಯಾಲೆನ್ಸ್ ಶೀಟ್ ಕೊಟ್ಟಿದ್ದೇವೆ, ಭವಿಷ್ಯ ನಿಧಿ ಕಚೇರಿಗೆ ನೌಕರರ ಪಟ್ಟಿ ಹೋಗಿದೆ. ಸರ್ಕಾರದ ಬಳಿ ಎಲ್ಲವೂ ಇದೆ ಎಂದ ಮೇಲೆ ಇನ್ನೊಂದು ಫಾರಂ ಯಾಕೆ?

ಪ್ರಶ್ನೆ ನ್ಯಾಯವಾದದ್ದೇ. ಆದರೆ "ಎಲ್ಲವೂ ಇದೆ" ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧ ಏನೆಂದು ಬಿಡಿಸಿ ನೋಡದೆ ಹೊರೆ ಇಳಿಸಲು ಹೊರಟರೆ, ಇಳಿಯುವುದು ಅಂಕಿ ಅಂಶದ ಗುಣಮಟ್ಟವೇ ಹೊರತು ಹೊರೆಯಲ್ಲ.

## ಯಾರು ಏನು ಕೇಳುತ್ತಾರೆ

ಕಾರ್ಖಾನೆಗಳ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ವಾರ್ಷಿಕ ಕೈಗಾರಿಕಾ ಸಮೀಕ್ಷೆ, ಅಂದರೆ ಎಎಸ್‌ಐ. 1959ನ್ನು ಉಲ್ಲೇಖ ವರ್ಷವಾಗಿಟ್ಟುಕೊಂಡು 1960ರಲ್ಲಿ ಶುರುವಾದ ಇದು 1972ನ್ನು ಬಿಟ್ಟರೆ ವರ್ಷ ತಪ್ಪಿಸಿಲ್ಲ. ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಅಥವಾ ಹೆಚ್ಚು ಕೆಲಸಗಾರರಿದ್ದು, 1948ರ ಕಾರ್ಖಾನೆ ಕಾಯ್ದೆಯಡಿ ನೋಂದಣಿಯಾದ ಘಟಕಗಳು ಇದರ ವ್ಯಾಪ್ತಿಗೆ ಬರುತ್ತವೆ. ಬೀಡಿ ಮತ್ತು ಸಿಗಾರ್ ಘಟಕಗಳೂ ಸೇರುತ್ತವೆ. 2023-24ರ ಫಲಿತಾಂಶದ ಪ್ರಕಾರ ದೇಶದಲ್ಲಿ ಇಂಥ 2.60 ಲಕ್ಷ ಕಾರ್ಖಾನೆಗಳಿದ್ದು, 1.95 ಕೋಟಿ ಮಂದಿ ದುಡಿಯುತ್ತಿದ್ದಾರೆ. ಜಿಡಿಪಿಯ ತಯಾರಿಕಾ ಭಾಗ, ರಾಜ್ಯಗಳ ಒಟ್ಟು ಉತ್ಪನ್ನ, ಕೈಗಾರಿಕಾ ಉತ್ಪಾದನಾ ಸೂಚ್ಯಂಕದಲ್ಲಿ ಯಾವ ಸರಕಿಗೆ ಎಷ್ಟು ತೂಕ ಎಂಬ ನಿರ್ಧಾರ, ಇವೆಲ್ಲ ಈ ಸಮೀಕ್ಷೆಯನ್ನು ನೆಚ್ಚಿಕೊಂಡಿವೆ.

ಕಾರ್ಖಾನೆ ಕಾಯ್ದೆಯೊಳಗೂ ಬಾರದ, ಕಂಪನಿಯಾಗಿಯೂ ನೋಂದಣಿಯಾಗದ ಅಂಗಡಿ, ಗ್ಯಾರೇಜು, ಹಿಟ್ಟಿನ ಗಿರಣಿಗಳಿಗೆ ಎಎಸ್‌ಯುಎಸ್ಇ ಎಂಬ ಪ್ರತ್ಯೇಕ ಸಮೀಕ್ಷೆ ಇದೆ. 2023-24ರಲ್ಲಿ ಅದು ಅಂದಾಜಿಸಿದ ಘಟಕಗಳ ಸಂಖ್ಯೆ 7.34 ಕೋಟಿ. ಇವುಗಳ ನಡುವೆ ಬಿಟ್ಟುಹೋಗಿದ್ದದ್ದು ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿ ನೋಂದಣಿಯಾದ ಸೇವಾ ಸಂಸ್ಥೆಗಳು: ಸಾಫ್ಟ್‌ವೇರ್, ಸಾಗಣೆ, ಖಾಸಗಿ ಆಸ್ಪತ್ರೆ, ಹೋಟೆಲ್ ಇತ್ಯಾದಿ. ಹೊಸ ಸಮೀಕ್ಷೆ ತುಂಬಲು ಹೊರಟಿರುವುದು ಈ ಕಂದಕವನ್ನು. ಬೆಂಗಳೂರಿನಂಥ ನಗರಕ್ಕೆ ಅದರ ಬಿಸಿ ಹೆಚ್ಚು ತಟ್ಟುವುದು ಇದೇ ಕಾರಣಕ್ಕೆ.

ವಿದೇಶಿ ಬಂಡವಾಳವಿರುವ ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯೊಂದರ ಕ್ಯಾಲೆಂಡರ್ ನೋಡಿ. ಜಿಎಸ್‌ಟಿ ಮಾಸಿಕ ರಿಟರ್ನ್‌ಗಳು ಮತ್ತು ವಾರ್ಷಿಕ ಜಿಎಸ್‌ಟಿಆರ್-9. ಕಂಪನಿ ಕಾಯ್ದೆಯಡಿ ಹಣಕಾಸು ಲೆಕ್ಕಪತ್ರದ ಎಒಸಿ-4 ಮತ್ತು ವಾರ್ಷಿಕ ರಿಟರ್ನ್ ಆದ ಎಂಜಿಟಿ-7. ಜುಲೈ 15ರೊಳಗೆ ರಿಸರ್ವ್ ಬ್ಯಾಂಕಿಗೆ ವಿದೇಶಿ ಹೊಣೆ ಮತ್ತು ಆಸ್ತಿಗಳ ರಿಟರ್ನ್. ರಿಸರ್ವ್ ಬ್ಯಾಂಕಿನದ್ದೇ ಸಾಫ್ಟ್‌ವೇರ್ ರಫ್ತು ಸಮೀಕ್ಷೆ. ವಹಿವಾಟು ದೊಡ್ಡದಿದ್ದರೆ ಬಂಡವಾಳ ಹೂಡಿಕೆಯ ಉದ್ದೇಶ ಕೇಳುವ ಸಮೀಕ್ಷೆ. 2024ರ ಕೊನೆಯಲ್ಲಿ ಮೊದಲ ಬಾರಿ ನಡೆದ ಇದರ ಫಲಿತಾಂಶ 2025ರ ಏಪ್ರಿಲ್‌ನಲ್ಲಿ ಬಂತು. ಈಗ ಇವುಗಳ ಮೇಲೆ ಸೇವಾ ವಲಯದ ವಾರ್ಷಿಕ ಸಮೀಕ್ಷೆ. ತೆರಿಗೆಗೆ ಸಂಬಂಧಿಸಿದ್ದು ಯಾವುದು, ಅಂಕಿ ಅಂಶಕ್ಕೆ ಸಂಬಂಧಿಸಿದ್ದು ಯಾವುದು ಎಂಬ ಭೇದ ಸಚಿವಾಲಯಕ್ಕೆ ಮುಖ್ಯ. ಫಾರಂ ತುಂಬುವ ಅಕೌಂಟೆಂಟಿಗೆ ಅದು ಇನ್ನೊಂದು ಸಂಜೆ ಅಷ್ಟೇ.

## ಒಂದೇ ಸಂಗತಿ, ಹಲವು ಅಳತೆಗೋಲು

"ನಿಮ್ಮಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ?" ಇದಕ್ಕಿಂತ ಸರಳ ಪ್ರಶ್ನೆ ಇರಲಾರದು. 60 ಜನ ಕಾಯಂ, 40 ಜನ ಗುತ್ತಿಗೆ ಕಾರ್ಮಿಕರಿರುವ ಒಂದು ಎರಕದ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಭವಿಷ್ಯ ನಿಧಿಯ ಮಾಸಿಕ ಚಲನ್‌ನಲ್ಲಿ ಅದರ ಹೆಸರಿನಲ್ಲಿ ಕಾಣುವುದು 60ರೊಳಗೇ. ಗುತ್ತಿಗೆ ಕಾರ್ಮಿಕರು ಗುತ್ತಿಗೆದಾರನ ಕೋಡ್‌ನಲ್ಲಿರುತ್ತಾರೆ. ಆ ಗುತ್ತಿಗೆದಾರ ಅದೇ ಕೋಡ್‌ನಲ್ಲಿ ಇನ್ನೂ ನಾಲ್ಕು ಕಾರ್ಖಾನೆಗಳಿಗೆ ಜನ ಕಳಿಸುತ್ತಿರಬಹುದು. ಎಎಸ್‌ಐ ಫಾರಂ ಮಾತ್ರ 100 ಜನರನ್ನೂ ಕೇಳುತ್ತದೆ. ಅದೂ ತಲೆ ಎಣಿಕೆಯಲ್ಲ, ಮಾನವ ದಿನಗಳಲ್ಲಿ: ವರ್ಷವಿಡೀ ಪ್ರತಿ ದಿನದ ಹಾಜರಿಯನ್ನು ಕೂಡಿಸಿ, ನೇರ ನೇಮಕದ ಗಂಡಸರು, ಹೆಂಗಸರು, ಗುತ್ತಿಗೆಯವರು, ಮೇಲ್ವಿಚಾರಕರು, ಇತರ ನೌಕರರು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಎರಡೂ ಅಂಕಿಗಳು ಸರಿ, ಆದರೆ ಒಂದರಿಂದ ಇನ್ನೊಂದನ್ನು ಹುಟ್ಟಿಸಲು ಬರುವುದಿಲ್ಲ.

ವಹಿವಾಟಿನ ಕಥೆಯೂ ಹಾಗೆಯೇ. ಒಂದೇ ಕಂಪನಿ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ, ಹಾರೋಹಳ್ಳಿಯಲ್ಲಿ ಪ್ಲಾಸ್ಟಿಕ್ ಡಬ್ಬಿ, ನರಸಾಪುರದಲ್ಲಿ ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದರೆ, ಸಾಮಾನ್ಯವಾಗಿ ಮೂರಕ್ಕೂ ಸೇರಿ 29ರಿಂದ ಶುರುವಾಗುವ ಒಂದೇ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಎಎಸ್‌ಐಗೆ ಮೂರೂ ಬೇರೆ ಕಾರ್ಖಾನೆಗಳು, ಬೇರೆ ಉದ್ಯಮಗಳು, ಬೇರೆ ರಿಟರ್ನ್‌ಗಳು. ಒಂದೇ ಆಡಳಿತ, ಒಂದೇ ರಾಜ್ಯ, ಒಂದೇ ಬಗೆಯ ಉದ್ಯಮ ಆಗಿದ್ದರೆ ಜಂಟಿ ರಿಟರ್ನ್ ಕೊಡುವ ಅವಕಾಶವೇನೋ ಇದೆ. ಇಲ್ಲಿ ಅದು ಅನ್ವಯಿಸುವುದಿಲ್ಲ.

ಕಂಪನಿಯ ಬ್ಯಾಲೆನ್ಸ್ ಶೀಟ್ ಇನ್ನೂ ಮೇಲಿನ ಮಟ್ಟದ್ದು. ಅದು ಇಡೀ ದೇಶದ ಲೆಕ್ಕವನ್ನು ಒಂದೇ ಕಡೆ ತೋರಿಸುತ್ತದೆ. ಹೊಸೂರಿನ ಘಟಕದಲ್ಲಿ ಹುಟ್ಟಿದ ಮೌಲ್ಯ ತಮಿಳುನಾಡಿಗೆ ಎಷ್ಟು, ಬೆಂಗಳೂರಿನ ಮುಖ್ಯ ಕಚೇರಿಯಿಂದಾಗಿ ಕರ್ನಾಟಕಕ್ಕೆ ಎಷ್ಟು ಎಂದು ಅದರಿಂದ ಗೊತ್ತಾಗದು.

ನನ್ನ ಲೆಕ್ಕದಲ್ಲಿ ಹೊರೆಯ ಬೇರು ಇರುವುದು ಇಲ್ಲಿ. ಕಾರ್ಖಾನೆ, ಜಿಎಸ್‌ಟಿ ಸಂಖ್ಯೆ, ಕಂಪನಿ, ಭವಿಷ್ಯ ನಿಧಿ ಕೋಡ್ ಎಂಬ ನಾಲ್ಕು ಘಟಕಗಳಿಗೆ ನಾಲ್ಕು ಇಲಾಖೆಗಳು ನಾಲ್ಕು ಗಡಿ ಎಳೆದಿವೆ. ಒಂದರಿಂದ ಇನ್ನೊಂದಕ್ಕೆ ಲೆಕ್ಕ ಪರಿವರ್ತಿಸುವ ಕೆಲಸ ಸರ್ಕಾರದ್ದಾಗಬೇಕಿತ್ತು. ಈಗ ಅದನ್ನು ಪ್ರತಿ ವರ್ಷ ಬಿಟ್ಟಿಯಾಗಿ ಮಾಡುತ್ತಿರುವುದು ಉದ್ಯಮದ ಅಕೌಂಟೆಂಟ್.

## ಫಾರಂ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಎಎಸ್‌ಐ ಫಾರಂನಲ್ಲಿ ಎಲ್ಲ ಭಾಗಗಳೂ ಒಂದೇ ಸಮ ಕಷ್ಟದವಲ್ಲ. ಬ್ಲಾಕ್ ಸಿ ಸ್ಥಿರಾಸ್ತಿಯದ್ದು, ಡಿ ದುಡಿಯುವ ಬಂಡವಾಳ ಮತ್ತು ಸಾಲದ್ದು, ಎಫ್ ಇತರ ಖರ್ಚು, ಜಿ ಇತರ ಆದಾಯ. ಇವನ್ನು ಸವಕಳಿ ಪಟ್ಟಿ ಮತ್ತು ಟ್ರಯಲ್ ಬ್ಯಾಲೆನ್ಸ್ ಎದುರಿಗಿಟ್ಟುಕೊಂಡರೆ ತುಂಬಬಹುದು. ಹೆಣಗಾಟವಿರುವುದು ಇ, ಎಚ್, ಐ, ಜೆ ಎಂಬ ನಾಲ್ಕು ಬ್ಲಾಕ್‌ಗಳಲ್ಲಿ. ಇವುಗಳಲ್ಲಿ ಇ ಎಂಬುದು ಮೇಲೆ ಹೇಳಿದ ಮಾನವ ದಿನ ಮತ್ತು ಕೂಲಿಯ ಲೆಕ್ಕ.

ಎಚ್‌ನಲ್ಲಿ ದೇಶೀಯವಾಗಿ ಕೊಂಡ 10 ಮುಖ್ಯ ಕಚ್ಚಾವಸ್ತುಗಳನ್ನು, ಐನಲ್ಲಿ ಆಮದಾದ 5 ವಸ್ತುಗಳನ್ನು, ಜೆಯಲ್ಲಿ 10 ಉತ್ಪನ್ನಗಳನ್ನು ಹೆಸರು, 7 ಅಂಕಿಯ ಉತ್ಪನ್ನ ಸಂಕೇತ, ಅಳತೆಯ ಮಾನ, ಪ್ರಮಾಣ, ಮೌಲ್ಯ ಸಮೇತ ಕೊಡಬೇಕು. ಆ ಸಂಕೇತ ಜಿಎಸ್‌ಟಿ ಇನ್ವಾಯ್ಸಿನಲ್ಲಿ ಸರಕಿನ ವರ್ಗ ಸೂಚಿಸುವ ಎಚ್‌ಎಸ್‌ಎನ್ ಸಂಖ್ಯೆಯಲ್ಲ, ಬೇರೆಯೇ ವರ್ಗೀಕರಣ. ಇದು ಮೊದಲ ಎಡವು. ಎರಡನೆಯದು ಮಾನದ್ದು. ಸ್ಟೋರ್ ರಿಜಿಸ್ಟರಿನಲ್ಲಿ ಉಕ್ಕು ಕೆಜಿಯಲ್ಲಿದ್ದು ಸಂಕೇತ ಟನ್ ಕೇಳಿದರೆ, ಅವಸರದಲ್ಲಿ 48,000 ಎಂದೇ ಬರೆದುಬಿಡುತ್ತಾರೆ. ಪರಿಶೀಲನೆಯಲ್ಲಿ ಟನ್ನಿಗೆ 60 ಸಾವಿರ ರೂಪಾಯಿ ಬೀಳಬೇಕಾದ ಬೆಲೆ 60 ರೂಪಾಯಿ ಬೀಳುತ್ತದೆ, ರಿಟರ್ನ್ ವಾಪಸ್ ಬರುತ್ತದೆ. ಮೂರನೆಯದು, ಖರೀದಿಸಿದ್ದನ್ನೇ ಬಳಸಿದ್ದು ಎಂದು ಬರೆಯುವುದು. ಫಾರಂ ಕೇಳುವುದು ಬಳಕೆಯ ಪ್ರಮಾಣ: ಆರಂಭದ ದಾಸ್ತಾನು, ಕೂಡು ಖರೀದಿ, ಕಳೆ ಕೊನೆಯ ದಾಸ್ತಾನು. ಜೆಯಲ್ಲಿ ಮಾರಾಟದ ಮೌಲ್ಯದಿಂದ ಜಿಎಸ್‌ಟಿ ಮತ್ತು ಸಾಗಣೆ ಖರ್ಚು ಕಳೆದು ಕಾರ್ಖಾನೆ ಬಾಗಿಲಿನ ಬೆಲೆ ಕಟ್ಟಬೇಕು. ಅದನ್ನು ಮಾರಿದ ಪ್ರಮಾಣಕ್ಕಲ್ಲ, ತಯಾರಿಸಿದ ಪ್ರಮಾಣಕ್ಕೆ ಹಚ್ಚಬೇಕು.

ಹೀಗೆ ವಾಪಸ್ ಬಂದ ಫಾರಂನ ಖರ್ಚು ಯಾವ ಹೊರೆಯ ಅಂದಾಜಿನಲ್ಲೂ ಸರಿಯಾಗಿ ಸೇರುವುದಿಲ್ಲ. ಮೊದಲ ಸಲ ತುಂಬಲು ತಗುಲಿದ ಸಮಯವನ್ನು ಮಾತ್ರ ಎಣಿಸುತ್ತಾರೆ. ಆರು ತಿಂಗಳ ಬಳಿಕ "ಬ್ಲಾಕ್ ಎಚ್, ಸಾಲು 3 ಪರಿಶೀಲಿಸಿ" ಎಂದು ಬರುವ ಫೋನಿಗೆ ಹಳೆಯ ಕಡತ ಹುಡುಕಿ ಉತ್ತರಿಸುವುದು ಲೆಕ್ಕಕ್ಕೆ ಸಿಗದು. 2023-24ರ ಸಮೀಕ್ಷೆಯ ಕ್ಷೇತ್ರಕಾರ್ಯ ನಡೆದದ್ದು 2024ರ ಅಕ್ಟೋಬರ್‌ನಿಂದ 2025ರ ಜೂನ್‌ವರೆಗೆ. ಆ ವರ್ಷದ ಪುಸ್ತಕ ಮುಚ್ಚಿ ಆಡಿಟ್ ಮುಗಿದು, ಲೆಕ್ಕ ಬರೆದ ಹುಡುಗ ಬೇರೆ ಕೆಲಸಕ್ಕೆ ಸೇರಿರುವಷ್ಟು ಅಂತರ.

ಹೊರೆಯನ್ನು ದುಡ್ಡಿಗೆ ಇಳಿಸಿ ನೋಡುವ ವಿಧಾನ ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡು ಹಲವು ದೇಶಗಳಿಗೆ ಹರಡಿದೆ: ತಗುಲುವ ಗಂಟೆ, ಗಂಟೆಯ ಕೂಲಿ, ವರ್ಷಕ್ಕೆ ಎಷ್ಟು ಬಾರಿ, ಎಷ್ಟು ಸಂಸ್ಥೆ, ಈ ನಾಲ್ಕರ ಗುಣಲಬ್ಧ. ಉದಾಹರಣೆಗೆ ಒಂದು ರಿಟರ್ನ್‌ಗೆ 20 ಗಂಟೆ, ಗಂಟೆಗೆ 300 ರೂಪಾಯಿ ಎಂದಿಟ್ಟುಕೊಂಡರೆ 6,000 ರೂಪಾಯಿ. 2,000 ಜನರ ಕಾರ್ಖಾನೆಗೆ ಇದು ತಲೆಗೆ 3 ರೂಪಾಯಿ. 20 ಜನರ ಘಟಕಕ್ಕೆ ತಲೆಗೆ 300 ರೂಪಾಯಿ. ಫಾರಂನ ಉದ್ದ ಇಬ್ಬರಿಗೂ ಒಂದೇ ಆದ್ದರಿಂದ ಸಣ್ಣವರ ಕೂಗು ದೊಡ್ಡದು.

## ತೆರಿಗೆ ದತ್ತಾಂಶವೇ ಸಾಕಲ್ಲವೇ

ಉದ್ಯಮಗಳ ಕಡೆಯ ವಾದ ಇದು: ಒಮ್ಮೆ ಕೊಟ್ಟದ್ದನ್ನು ಮತ್ತೆ ಕೇಳಬೇಡಿ. ವಿಶ್ವಸಂಸ್ಥೆಯ ಮಹಾಸಭೆ 2014ರಲ್ಲಿ ಅಂಗೀಕರಿಸಿದ ಅಧಿಕೃತ ಅಂಕಿ ಅಂಶಗಳ ಮೂಲ ತತ್ವಗಳಲ್ಲೂ ಮೂಲವನ್ನು ಆರಿಸುವಾಗ ಗುಣಮಟ್ಟ, ಸಮಯ, ವೆಚ್ಚದ ಜೊತೆಗೆ ಮಾಹಿತಿ ಕೊಡುವವರ ಮೇಲಿನ ಹೊರೆಯನ್ನೂ ತೂಗಬೇಕು ಎಂದಿದೆ. ಕೆನಡಾದಲ್ಲಿ ಸಣ್ಣ, ಸರಳ ರಚನೆಯ ಸಂಸ್ಥೆಗಳಿಗೆ ಹಣಕಾಸಿನ ಪ್ರಶ್ನೆಗಳನ್ನು ಕೇಳದೆ ತೆರಿಗೆ ಕಡತದಿಂದಲೇ ತುಂಬಿಕೊಳ್ಳುತ್ತಾರೆ. ಬ್ರಿಟನ್ 2017ರಿಂದ ಜಿಡಿಪಿ ಅಂದಾಜಿನಲ್ಲಿ ವ್ಯಾಟ್ ದತ್ತಾಂಶ ಬಳಸುತ್ತಿದೆ.

ಸಂಖ್ಯಾಶಾಸ್ತ್ರಜ್ಞರು ತಡೆಯುವುದು ಹಟಕ್ಕಲ್ಲ. ಭಾರತದಲ್ಲಿ ಒಮ್ಮೆ ಕೈ ಸುಟ್ಟುಕೊಂಡಾಗಿದೆ. 2015ರಲ್ಲಿ ಬಂದ ಜಿಡಿಪಿ ಸರಣಿ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ-21 ದತ್ತಾಂಶವನ್ನು (ನೋಂದಾಯಿತ ಕಂಪನಿಗಳು ಸಲ್ಲಿಸುವ ದಾಖಲೆಗಳ ಕಣಜ) ದೊಡ್ಡ ಪ್ರಮಾಣದಲ್ಲಿ ಒಳಗೊಂಡಿತ್ತು. ಅದೇ ಪಟ್ಟಿ ಹಿಡಿದು 2016-17ರಲ್ಲಿ ಸೇವಾ ವಲಯದ ಸಮೀಕ್ಷೆಗೆ ಹೋದಾಗ ಮೂರನೇ ಒಂದಕ್ಕಿಂತ ಹೆಚ್ಚು ಕಂಪನಿಗಳು ಒಂದೋ ಸಿಗಲೇ ಇಲ್ಲ, ಇಲ್ಲವೇ ಪಟ್ಟಿಯಲ್ಲಿ ತಪ್ಪು ವರ್ಗದಲ್ಲಿದ್ದವು. 2019ರಲ್ಲಿ ಕೊನೆಗೆ ಹೊರಬಂದದ್ದು ತಾಂತ್ರಿಕ ವರದಿ ಮಾತ್ರ. ನೋಂದಣಿಯ ದಿನ "ಬಿಸಿನೆಸ್ ಸೇವೆ" ಎಂದು ಬರೆದ ಕಂಪನಿ ಆಮೇಲೆ ಟೈಲ್ಸ್ ವ್ಯಾಪಾರಕ್ಕಿಳಿದರೆ ಅದನ್ನು ಪಟ್ಟಿಯಲ್ಲಿ ತಿದ್ದುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಆಡಳಿತಾತ್ಮಕ ದತ್ತಾಂಶದ ಹುಟ್ಟುಗುಣವೇ ಇದು: ತೆರಿಗೆ ಅಥವಾ ಕಾನೂನಿಗೆ ಬೇಕಾದ ಅಂಕಣ ನಿಖರವಾಗಿರುತ್ತದೆ, ಉಳಿದದ್ದು ಹೇಗೋ ತುಂಬಿರುತ್ತದೆ.

ಜಿಎಸ್‌ಟಿ ಆ ಮಟ್ಟಿಗೆ ಮೇಲು, ಏಕೆಂದರೆ ಪ್ರತಿ ತಿಂಗಳೂ ಜೀವಂತವಾಗಿರುತ್ತದೆ. ಹೊಸ ಸಮೀಕ್ಷೆಯ ಪ್ರಾಯೋಗಿಕ ಸುತ್ತಿನಲ್ಲಿ ಸುಮಾರು 10 ಸಾವಿರ ಸಂಸ್ಥೆಗಳನ್ನು ಆಯ್ದದ್ದು ಜಿಎಸ್‌ಟಿ ಪಟ್ಟಿಯಿಂದಲೇ. ಆದರೂ ಮಿತಿಗಳಿವೆ. ಪೆಟ್ರೋಲ್, ಡೀಸೆಲ್, ಮದ್ಯ ಜಿಎಸ್‌ಟಿಯ ಹೊರಗೆ. ಒಂದೇ ಕಂಪನಿ ಬೆಂಗಳೂರಿನಿಂದ ತನ್ನದೇ ಪುಣೆ ಗೋದಾಮಿಗೆ ಸರಕು ಕಳಿಸಿದರೂ ಅದು ತೆರಿಗೆಯ ಕಣ್ಣಿಗೆ ಪೂರೈಕೆ. ಎರಡೂ ಸಂಖ್ಯೆಗಳ ವಹಿವಾಟು ಕೂಡಿಸಿದರೆ ಒಂದೇ ಸರಕು ಎರಡು ಸಲ ಮಾರಾಟವಾದಂತೆ ಕಾಣುತ್ತದೆ. 5 ಕೋಟಿವರೆಗಿನ ವಹಿವಾಟಿನವರು ಎಚ್‌ಎಸ್‌ಎನ್‌ನ 4 ಅಂಕಿ ಬರೆದರೆ ಸಾಕು, ಅಷ್ಟರಲ್ಲಿ ಉತ್ಪನ್ನ ಯಾವುದೆಂದು ಖಚಿತವಾಗದು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿಯ ಕೆಳಗಿನವರು ಸಾಮಾನ್ಯವಾಗಿ ಪಟ್ಟಿಯಲ್ಲೇ ಇರುವುದಿಲ್ಲ. ಕೂಲಿ, ಮಾನವ ದಿನ, ಯಂತ್ರೋಪಕರಣದ ಸವಕಳಿ, ಸುಟ್ಟ ಕಲ್ಲಿದ್ದಲು ಇವುಗಳಿಗೆ ಜಿಎಸ್‌ಟಿ ರಿಟರ್ನ್‌ನಲ್ಲಿ ಅಂಕಣವೇ ಇಲ್ಲ.

ಇನ್ನೊಂದು ಅಡ್ಡಗೋಡೆ ಕಾನೂನಿನದ್ದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 158ನೇ ಸೆಕ್ಷನ್ ತೆರಿಗೆದಾರರ ವಿವರ ಬಹಿರಂಗವಾಗದಂತೆ ಕಟ್ಟು ಹಾಕಿದೆ. 2023ರಲ್ಲಿ ಸೇರಿದ 158ಎ ಸೆಕ್ಷನ್ ತೆರಿಗೆದಾರರ ಒಪ್ಪಿಗೆಯಿದ್ದರೆ ಹಂಚಿಕೊಳ್ಳಲು ದಾರಿ ಮಾಡಿದೆ. ಮತ್ತೊಂದು ಕಡೆ, 2008ರ ಅಂಕಿ ಅಂಶ ಸಂಗ್ರಹ ಕಾಯ್ದೆಯಡಿ ಕೊಟ್ಟ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಬಳಸಬೇಕು, ಯಾವ ಘಟಕದ್ದೆಂದು ಗುರುತು ಸಿಗದಂತೆ ಪ್ರಕಟಿಸಬೇಕು. ಹರಿವು ಒಮ್ಮುಖವಾಗಿರಬೇಕಾದದ್ದು ಇದಕ್ಕೇ. ತೆರಿಗೆ ಇಲಾಖೆಯಿಂದ ಸಾಂಖ್ಯಿಕ ಕಚೇರಿಗೆ ಬಂದರೆ ಹೊರೆ ಇಳಿಯುತ್ತದೆ. ತಿರುಗಿ ಹೋಗುತ್ತದೆ ಎಂಬ ಅನುಮಾನ ಹುಟ್ಟಿದರೆ ಉದ್ಯಮಿ ಸಮೀಕ್ಷೆಯಲ್ಲೂ ತೆರಿಗೆಯ ಲೆಕ್ಕವನ್ನೇ ಒಪ್ಪಿಸುತ್ತಾನೆ, ಆಗ ಸಮೀಕ್ಷೆ ಮಾಡಿಯೂ ಹೊಸದೇನೂ ತಿಳಿಯದು.

## ಸ್ಯಾಂಪಲ್ ಇಳಿಸುವ ಲೆಕ್ಕ

ಸುಲಭವಾಗಿ ಹೊಳೆಯುವ ಪರಿಹಾರ ಸ್ಯಾಂಪಲ್ ಅರ್ಧ ಮಾಡುವುದು. ಅರ್ಧ ಮಾಡಿದರೆ ಮಾದರಿ ದೋಷ, ಅಂದರೆ ಎಲ್ಲರ ಬದಲು ಕೆಲವರನ್ನಷ್ಟೇ ಕೇಳುವುದರಿಂದ ಅಂದಾಜಿನಲ್ಲಿ ಬರುವ ಏರುಪೇರು, ಸುಮಾರು 1.4 ಪಟ್ಟಾಗುತ್ತದೆ. ಇಡೀ ದೇಶದ ಅಂಕಿಗೆ ಅದು ಸಹ್ಯವಾಗಬಹುದು, ಚಾಮರಾಜನಗರ ಜಿಲ್ಲೆಯ ಆಹಾರ ಸಂಸ್ಕರಣೆಯ ಅಂಕಿಗೆ ಆಗದು. ಆದರೆ ಬೇಡಿಕೆ ಹೋಗುತ್ತಿರುವುದು ಜಿಲ್ಲಾ ಮಟ್ಟದತ್ತಲೇ: ರಾಷ್ಟ್ರೀಯ ಮಾದರಿ ಸಮೀಕ್ಷೆಗಳಲ್ಲಿ 2025ರ ಜನವರಿಯಿಂದ ಜಿಲ್ಲೆಯನ್ನೇ ಮಾದರಿ ಆಯ್ಕೆಯ ಮೂಲ ಘಟಕವಾಗಿಸಲಾಗಿದೆ. ಜಿಲ್ಲೆಯ ಅಂಕಿ ಬೇಕು, ಪ್ರಶ್ನೆ ಮಾತ್ರ ಕಡಿಮೆಯಾಗಬೇಕು ಎನ್ನುವ ರಾಜ್ಯಗಳು ಈ ಗಣಿತವನ್ನು ನೋಡಬೇಕು.

ಜೊತೆಗೆ ದೊಡ್ಡ ಕಾರ್ಖಾನೆಗಳಿಗೆ ಈ ಕಡಿತದಿಂದ ಏನೂ ಸಿಗದು. ಸಾಮಾನ್ಯವಾಗಿ 100 ಮತ್ತು ಹೆಚ್ಚು ನೌಕರರಿರುವ ಘಟಕಗಳು, ಕೆಲವು ರಾಜ್ಯಗಳಲ್ಲಿ ಅದಕ್ಕಿಂತ ಸಣ್ಣವೂ, ಎಎಸ್‌ಐನ ಗಣತಿ ಭಾಗದಲ್ಲಿವೆ. ಅವಕ್ಕೆ ಪ್ರತಿ ವರ್ಷ ನೋಟಿಸ್ ಖಾತ್ರಿ. ಅವನ್ನು ಬಿಡಲೂ ಬರುವುದಿಲ್ಲ, ಒಂದು ಉಕ್ಕಿನ ಕಾರ್ಖಾನೆ ತಪ್ಪಿದರೆ ಒಂದು ಜಿಲ್ಲೆಯ ಅಂಕಿಯೇ ಕುಸಿಯುತ್ತದೆ.

ಸಣ್ಣವರಿಗೆ ಉಪಯೋಗವಾಗುವುದು ಸರದಿ. ಸ್ವೀಡನ್ ದಶಕಗಳಿಂದ ಪಾಲಿಸುತ್ತಿರುವ ಉಪಾಯ ಹೀಗಿದೆ: ಪ್ರತಿ ಸಂಸ್ಥೆಗೆ 0 ಮತ್ತು 1ರ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಶಾಶ್ವತವಾಗಿ ಅಂಟಿಸುತ್ತಾರೆ. ಒಂದು ಸಮೀಕ್ಷೆ 0.0ಯಿಂದ ಮುಂದಕ್ಕೆ ಬೇಕಾದಷ್ಟು ಸಂಸ್ಥೆಗಳನ್ನು ತೆಗೆದುಕೊಂಡರೆ ಇನ್ನೊಂದು 0.5ರಿಂದ ಶುರುಮಾಡುತ್ತದೆ. ಹಾಗಾಗಿ ಒಂದೇ ಅಂಗಡಿಗೆ ಎರಡೂ ಫಾರಂ ಬೀಳುವುದು ಅಪರೂಪ. ವರ್ಷ ವರ್ಷ ಈ ಸಂಖ್ಯೆಗಳನ್ನು ತುಸು ಸರಿಸಿದರೆ ಹಳಬರು ಹೊರಬಂದು ಹೊಸಬರು ಒಳಗೆ ಬರುತ್ತಾರೆ. ಬ್ರಿಟನ್‌ನಲ್ಲಿ 10ಕ್ಕಿಂತ ಕಡಿಮೆ ನೌಕರರ ಸಂಸ್ಥೆ ಒಮ್ಮೆ ಸಮೀಕ್ಷೆಯಿಂದ ಹೊರಬಂದರೆ ಮೂರು ವರ್ಷ ರಜೆ ಎಂಬ ಖಾತರಿಯೇ ಇದೆ. ಪ್ರಶ್ನೆಯೊಂದನ್ನೂ ಕಡಿಯದೆ ಅಸಮಾಧಾನವನ್ನು ಇಷ್ಟು ಇಳಿಸುವ ಮತ್ತೊಂದು ಕ್ರಮ ನನಗೆ ಕಾಣುವುದಿಲ್ಲ.

## ಪಟ್ಟಿಯೇ ಇಲ್ಲದ ತೊಡಕು

ಈ ಸರದಿ ಭಾರತದಲ್ಲಿ ಏಕೆ ಸಾಧ್ಯವಾಗಿಲ್ಲ? ಶಾಶ್ವತ ಸಂಖ್ಯೆ ಅಂಟಿಸಲು ಎಲ್ಲ ಉದ್ಯಮಗಳ ಒಂದೇ ಪಟ್ಟಿ ಬೇಕು. 2013-14ರ ಆರನೇ ಆರ್ಥಿಕ ಗಣತಿ 5.85 ಕೋಟಿ ಘಟಕಗಳನ್ನು ಎಣಿಸಿತ್ತು. 2019ರಲ್ಲಿ ಆರಂಭವಾದ ಏಳನೆಯದರ ಫಲಿತಾಂಶ ಪ್ರಕಟವಾಗಲೇ ಇಲ್ಲ. ಪರಿಣಾಮವಾಗಿ ಎಎಸ್‌ಐ ಕಾರ್ಖಾನೆ ಇಲಾಖೆಯ ಪಟ್ಟಿ ಹಿಡಿಯುತ್ತದೆ, ಸೇವಾ ಸಮೀಕ್ಷೆ ಜಿಎಸ್‌ಟಿ ಪಟ್ಟಿ ಹಿಡಿಯುತ್ತದೆ, ರಿಸರ್ವ್ ಬ್ಯಾಂಕ್ ತನ್ನದನ್ನು ಹಿಡಿಯುತ್ತದೆ. ಒಬ್ಬರು ಯಾರನ್ನು ಆಯ್ದರೆಂದು ಇನ್ನೊಬ್ಬರಿಗೆ ತಿಳಿಯದಿದ್ದಾಗ ಒಂದೇ ಸಂಸ್ಥೆಗೆ ಒಂದೇ ವರ್ಷ ಮೂರು ನೋಟಿಸ್ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಇಲಾಖೆಗಳ ನಡುವಿನ ಪುನರಾವರ್ತನೆ ತಪ್ಪಿಸಲೆಂದೇ ಅಂಕಿ ಅಂಶ ಸಂಗ್ರಹ ಕಾಯ್ದೆಯ 2017ರ ತಿದ್ದುಪಡಿ ನೋಡಲ್ ಅಧಿಕಾರಿಗಳ ಏರ್ಪಾಟು ಮಾಡಿತು. ಪಟ್ಟಿಗಳನ್ನು ಜೋಡಿಸುವ ಕೊಂಡಿಯಿಲ್ಲದೆ ಆ ಅಧಿಕಾರಿ ಏನನ್ನು ಸಮನ್ವಯಿಸಬೇಕು?

ಕೊಂಡಿಯೇನೂ ಅಪರಿಚಿತವಲ್ಲ. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯ, ಮುಂದಿನ ಹತ್ತು ಪ್ಯಾನ್. ಕಾರ್ಖಾನೆ ಪರವಾನಗಿ ಮತ್ತು ಭವಿಷ್ಯ ನಿಧಿ ಕೋಡ್‌ಗಳ ಜೊತೆಗೂ ಪ್ಯಾನ್ ಕಡ್ಡಾಯವಾಗಿ ದಾಖಲಾದರೆ, ಒಂದು ಕಂಪನಿಯಡಿ ಎಷ್ಟು ಕಾರ್ಖಾನೆ, ಯಾವುದಕ್ಕೆ ಯಾವ ಸಂಖ್ಯೆ ಎಂಬ ವೃಕ್ಷವನ್ನು ಕಚೇರಿಯಲ್ಲೇ ಕಟ್ಟಬಹುದು. ಆಮೇಲೆ ಒಂದೇ ರಾಜ್ಯದಲ್ಲಿ ಒಂದೇ ಕಾರ್ಖಾನೆ ಇರುವ ಸಂಸ್ಥೆಗೆ ವಹಿವಾಟು, ಖರೀದಿ, ಸ್ಥಿರಾಸ್ತಿಯ ಭಾಗಗಳನ್ನು ಮೊದಲೇ ತುಂಬಿ ಕಳಿಸಿ, ಇ, ಎಚ್, ಐ, ಜೆ ಬ್ಲಾಕ್‌ಗಳನ್ನಷ್ಟೇ ಕೇಳಿದರೆ ಆಯಿತು. ಹಲವು ಘಟಕಗಳಿರುವ ದೊಡ್ಡ ಕಂಪನಿಗಳಿಗೆ ಈ ದಾರಿ ಸದ್ಯಕ್ಕೆ ಒಗ್ಗದು.

## ನೋಟಿಸ್ ಬಂದಿದ್ದರೆ

ಸುಧಾರಣೆ ಬರುವವರೆಗೆ ಉತ್ತರಿಸುವುದು ಕಡ್ಡಾಯ, ತಪ್ಪಿದರೆ ದಂಡಕ್ಕೆ ಕಾನೂನಿನಲ್ಲಿ ಅವಕಾಶವಿದೆ. ನೋಟಿಸಿನಲ್ಲಿ ಸಾಂಖ್ಯಿಕ ಅಧಿಕಾರಿಯ ಹೆಸರು, ಕಾಯ್ದೆಯ ಉಲ್ಲೇಖ, ಸರ್ಕಾರಿ ಪೋರ್ಟಲ್ ವಿಳಾಸ ಇವೆಯೇ ನೋಡಿ. ಯಾವ ಸಮೀಕ್ಷೆಗೂ ಶುಲ್ಕವಿಲ್ಲ, ಒಟಿಪಿ ಅಥವಾ ಬ್ಯಾಂಕ್ ಪಾಸ್‌ವರ್ಡ್ ಕೇಳಿದರೆ ಅದು ವಂಚನೆ. ಕಾರ್ಖಾನೆ ಮುಚ್ಚಿದ್ದರೂ ಸುಮ್ಮನಿರದೆ ಲಿಖಿತವಾಗಿ ತಿಳಿಸಬೇಕು. ಆಡಿಟ್ ಆದ ಲೆಕ್ಕಪತ್ರ, ಹಾಜರಿ ಮತ್ತು ವೇತನ ರಿಜಿಸ್ಟರ್, ಗುತ್ತಿಗೆದಾರರ ಬಿಲ್, ವಿದ್ಯುತ್ ಬಿಲ್, ದಾಸ್ತಾನು ಪುಸ್ತಕ ಇಷ್ಟನ್ನು ವರ್ಷದ ಪುಸ್ತಕ ಮುಚ್ಚುವಾಗಲೇ ಒಂದು ಕಡತಕ್ಕೆ ಸೇರಿಸಿದರೆ ಅರ್ಧ ಕೆಲಸ ಆದಂತೆ. ಎಎಸ್‌ಐನಲ್ಲಿ ಮೌಲ್ಯಗಳನ್ನು ಪೂರ್ಣ ರೂಪಾಯಿಯಲ್ಲಿ ಬರೆಯಬೇಕು, ಲಕ್ಷದಲ್ಲಲ್ಲ. ಕಳೆದ ವರ್ಷದ ಕೊನೆಯ ದಾಸ್ತಾನು ಈ ವರ್ಷದ ಆರಂಭದ ದಾಸ್ತಾನಿಗೆ ಹೊಂದಬೇಕು.

## ಕಾರ್ಮಿಕ ಸಂಹಿತೆ ತರುವ ತಿರುವು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಕಾರ್ಖಾನೆ ಎಂದರೆ ವಿದ್ಯುತ್ ಬಳಸುವ ಕಡೆ 20, ಬಳಸದ ಕಡೆ 40 ಕೆಲಸಗಾರರು. ಎಎಸ್‌ಐ ತನ್ನ ಪಟ್ಟಿಯನ್ನು ಈ ಹೊಸ ವ್ಯಾಖ್ಯೆಗೆ ಕಟ್ಟಿದರೆ, ವಿದ್ಯುತ್ ಬಳಸುವ 10ರಿಂದ 19 ಕೆಲಸಗಾರರ ಘಟಕಗಳು ಒಂದೇ ಏಟಿಗೆ ಆ ಫಾರಂನಿಂದ ಪಾರಾಗುತ್ತವೆ. ಮೇಲ್ನೋಟಕ್ಕೆ ಹೊರೆ ಇಳಿಸಿದ ದೊಡ್ಡ ಸಾಧನೆ. ಅವುಗಳಲ್ಲಿ ಮಾಲೀಕತ್ವದ ಮತ್ತು ಪಾಲುದಾರಿಕೆಯ ಘಟಕಗಳನ್ನು ಎಎಸ್‌ಯುಎಸ್ಇ ಎಣಿಸಬಲ್ಲದು. ಪ್ರೈವೇಟ್ ಲಿಮಿಟೆಡ್ ಆಗಿ ನೋಂದಣಿಯಾದ 15 ಜನರ ವರ್ಕ್‌ಶಾಪ್ ಎಎಸ್‌ಐಗೂ ಬಾರದು, ಎಎಸ್‌ಯುಎಸ್ಇಗೂ ಬಾರದು, ಸೇವಾ ಸಮೀಕ್ಷೆಗಂತೂ ಸಂಬಂಧವೇ ಇಲ್ಲ. ಸೇವಾ ವಲಯದಲ್ಲಿ ಈಗ ಮುಚ್ಚಲು ಹೊರಟಿರುವ ಕಂದಕವೇ ತಯಾರಿಕೆಯಲ್ಲಿ ಹೊಸದಾಗಿ ಬಾಯಿ ತೆರೆಯುತ್ತದೆ. ವರ್ಷದಿಂದ ವರ್ಷಕ್ಕೆ ಕಾರ್ಖಾನೆಗಳ ಸಂಖ್ಯೆ ಇಳಿದಂತೆ ಕಂಡಾಗ, ನಿಜವಾಗಿ ಬಾಗಿಲು ಮುಚ್ಚಿದ್ದೆಷ್ಟು, ವ್ಯಾಖ್ಯೆಯಿಂದ ಹೊರಬಿದ್ದದ್ದೆಷ್ಟು ಎಂದು ಬೇರ್ಪಡಿಸಬೇಕಾಗುತ್ತದೆ. ಅದಕ್ಕೆ ಕನಿಷ್ಠ ಒಂದು ವರ್ಷವಾದರೂ ಹಳೆಯ ಮತ್ತು ಹೊಸ ಮಿತಿಗಳೆರಡರಲ್ಲೂ ಅಂಕಿ ಪ್ರಕಟಿಸಬೇಕು, ಅಂದರೆ ಆ ಒಂದು ವರ್ಷ ಸಣ್ಣ ಘಟಕಗಳಿಗೆ ಫಾರಂ ತಪ್ಪುವಂತಿಲ್ಲ.